ಕೆರೆದು ತೆಗೆದ ರೆಕ್ಕೆ

ಕೋಪ ಬಂದರೆ ನನಗೆ ಅಳು ಬರುತ್ತದೆ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಬೇರೆಯವರಿಗೆ ಕೋಪ ಬಂದರೆ ಮುಖ ಕೆಂಪಗಾಗುತ್ತದೆ, ದನಿ ಏರುತ್ತದೆ, ಬಾಗಿಲು ಧಡಾರೆಂದು ಬಡಿಯುತ್ತದೆ. ನನಗೆ ಮೂಗು ಸೋರುತ್ತದೆ. ಎದುರಿಗಿದ್ದವರು "ಅಯ್ಯೋ ಪಾಪ" ಎಂದು ತಲೆ ಸವರಿ ಹೋಗುತ್ತಾರೆ. ಅವರಿಗೆ ಹೇಳಬೇಕೆಂದುಕೊಂಡದ್ದೆಲ್ಲ ಉಗುಳಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಮನೆಗೆ ಬಂದು ದಿನಚರಿಯಲ್ಲಿ ಬರೆಯುತ್ತೇನೆ. ಬರೆದರೆ ತಣಿಯುತ್ತದೆ. ಹೀಗೇ ತಣಿಸಿಕೊಂಡು ತಣಿಸಿಕೊಂಡು ಒಂದು ದಿನ ನನ್ನಲ್ಲಿ ಕೋಪವೆನ್ನುವುದೇ ಉಳಿಯದೆ ಹೋದರೆ? ಇದು ನನ್ನ ಸಣ್ಣ ಚಿಂತೆ.

ಆ ಚಿಂತೆಗೆ ಅರ್ಥವಿಲ್ಲವೆಂದು ಗೊತ್ತಾದದ್ದು ಸೂಜಿಯಕ್ಕನ ಕಲ್ಲಿನ ವಿಷಯದಲ್ಲಿ.

ನಾನು ಕೆಲಸ ಮಾಡುವುದು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ. ಕಲ್ಲಿನಲ್ಲಿ ಸಿಕ್ಕಿಕೊಂಡ ಹಳೆಯ ಪ್ರಾಣಿಗಳ ಮೂಳೆಗಳನ್ನು ಕಲ್ಲಿನಿಂದ ಬಿಡಿಸುವುದು ನಮ್ಮ ಕೆಲಸ. ಕಿಟಕಿ ಇಲ್ಲ. ಮೂರು ಮೇಜು, ಮೂರು ದೀಪ, ಎರಡು ಸೂಕ್ಷ್ಮದರ್ಶಕ, ಮೂಲೆಯಲ್ಲಿ ಗಾಳಿ ತುಂಬುವ ಯಂತ್ರ. ಅದಕ್ಕೆ ಕೊಳವೆ ಸಿಕ್ಕಿಸಿದ ಪೆನ್ನಿನಂಥ ಉಳಿಯೊಂದಿದೆ. ಗಾಳಿಯ ಒತ್ತಡಕ್ಕೆ ಅದರ ತುದಿ ನಡುಗಿ ಕಲ್ಲನ್ನು ಪುಡಿ ಮಾಡುತ್ತದೆ. ಅದರ ಸದ್ದು ಕೇಳಿ ನಾವು ಅದನ್ನು ದುಂಬಿ ಎನ್ನುತ್ತೇವೆ.

ಕೋಣೆಯ ಮುಖ್ಯಸ್ಥರು ನನ್ನ ಸೋದರಮಾವ. ಪದವಿ ಮುಗಿಸಿ ಮನೆಯ ಮೂಲೆಯಲ್ಲಿ ಕೂತಿದ್ದ ನನ್ನನ್ನು ಇಲ್ಲಿಗೆ ಸೇರಿಸಿದ್ದೂ ಅವರೇ. ನಾನು ಚಿಕ್ಕವಳಿದ್ದಾಗ "ಯಾವಾಗಲೂ ಸುಮ್ಮನಿರುವವಳು ಸುಮ್ಮಿ" ಎಂದು ಹೆಸರಿಟ್ಟವರೂ ಅವರೇ. ಮೇಲಿನ ದೊಡ್ಡ ಸಭಾಂಗಣದಲ್ಲಿ ಸರೀಸೃಪವೊಂದರ ಆಳೆತ್ತರದ ತೊಡೆಮೂಳೆ ನಿಂತಿದೆ. ಪ್ರಾಯದಲ್ಲಿ ಅದನ್ನು ಸುತ್ತಿಗೆ ಚಾಣಗಳಿಂದ ಬಂಡೆಯೊಳಗಿಂದ ಎಬ್ಬಿಸಿದವರು ಮಾವ. ಅಲ್ಲಿಂದ ಈಚೆಗೆ ಅವರದು ಒಂದೇ ಮಂತ್ರ: "ಮೂಳೆ ಒಂದೇ ನಿಜ, ಉಳಿದದ್ದೆಲ್ಲ ಮಣ್ಣು."

"ಬಂದ್ರು ನೋಡು ನಮ್ಮ ತೊಡೆಮೂಳೆ ಸಾಹೇಬ್ರು," ಎಂದು ಅವರ ಹೆಜ್ಜೆ ಸದ್ದಿಗೇ ಪಿಸುಗುಡುವವಳು ಸೂಜಿಯಕ್ಕ. ನನಗಿಂತ ಬಹಳ ದೊಡ್ಡವಳು, ಬಹಳ ಓದಿದವಳು, ಬಾಯಿ ಇನ್ನೂ ದೊಡ್ಡದು. ದುಂಬಿ ಮುಟ್ಟುವುದಿಲ್ಲ, ಹೊಲಿಗೆಯ ಸೂಜಿಯನ್ನು ಹಿಡಿಕೆಗೆ ಸಿಕ್ಕಿಸಿಕೊಂಡು ಕಲ್ಲಿನ ಕಣ ಕಣ ಎತ್ತುತ್ತಾಳೆ. ಅವಳು ಕೋಣೆಯಲ್ಲಿದ್ದರೆ ನಾನು ಮಾತಾಡಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಆ ಕಲ್ಲು ನಮಗೆ ಬಂದದ್ದು ಒಂದು ಸುಣ್ಣಗಲ್ಲಿನ ಗಣಿಯಿಂದ. ಊಟದ ತಟ್ಟೆಗಿಂತ ತುಸು ದೊಡ್ಡ ಚಪ್ಪಡಿ. ಜೊತೆಯ ಇನ್ನರ್ಧ ಗಣಿಯಲ್ಲೇ ಪುಡಿಯಾಗಿತ್ತು. ಚಪ್ಪಡಿಯ ಮೇಲೆ ಕಾಗೆಯಷ್ಟು ದೊಡ್ಡ ಪ್ರಾಣಿಯೊಂದು ಕತ್ತು ಹಿಂದಕ್ಕೆ ಮುರಿದುಕೊಂಡು ಮಲಗಿತ್ತು. ಸೂಜಿಯಕ್ಕ ತಿಂಗಳುಗಟ್ಟಲೆ ಅದರ ಮೇಲೆ ಬಾಗಿದ್ದಳು. ಒಂದು ದಿನ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಕಲ್ಲಿನ ಮೇಲೆ ಓರೆಯಾಗಿ ತಾಕುವಂತೆ ತಿರುಗಿಸಿ, ನನ್ನ ಜಡೆ ಹಿಡಿದು ಎಳೆದಳು.

"ನೋಡೇ ಸುಮ್ಮಿ. ಬಾಯಲ್ಲಿ ಹಲ್ಲು, ಕೈಯಲ್ಲಿ ಉಗುರು, ಹಿಂದೆ ಹಲ್ಲಿಗಿರೋ ಹಾಗೆ ಮೂಳೆ ಬಾಲ. ಈಗ ಮುಂಗೈ ಸುತ್ತ ನೋಡು."

ನೋಡಿದೆ. ಮೂರು ಬೆರಳುಗಳ ಹಿಂದಿನಿಂದ ತೆಳು ಕಂದು ಗೆರೆಗಳು ಒಂದರ ಪಕ್ಕ ಒಂದು, ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಪ್ರತಿ ಗೆರೆಯ ಇಬ್ಬದಿಗೂ ಕೂದಲೆಳೆಯಂಥ ಇನ್ನೂ ಸಣ್ಣ ಗೆರೆಗಳು. ಗರಿಗಳು. ದೀಪ ಮೇಲೆತ್ತಿದರೆ ಮಾಯ, ಬರೀ ಕಂದು ಕಲೆ. ಇಳಿಸಿದರೆ ರೆಕ್ಕೆ.

"ಮೂಳೆಯೆಲ್ಲ ತವರಿನದು," ಎಂದಳು ಅಕ್ಕ. "ಗರಿ ಗಂಡನ ಮನೇದು."

"ಗಂಡನ ಮನೆ ಅಂದ್ರೆ ಆಕಾಶಾನಾ?"

"ಮತ್ತೆ? ಅದಕ್ಕೇ ಹಾರೋದು ಇನ್ನೂ ಸರಿಯಾಗಿ ಬಂದಿಲ್ಲ. ಹೊಸ ಸೊಸೆ ಪಾಪ."

ಮಾವನನ್ನೂ ಕರೆದು ತೋರಿಸಿದಳು. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, "ಹ್ಞೂ, ಹ್ಞೂ, ಚೆನ್ನಾಗಿದೆ," ಎಂದು ಹೋದರು. ಅಕ್ಕ ಅವರ ಬೆನ್ನು ನೋಡುತ್ತ, "ಕಾಣಲಿಲ್ಲ ಕಣೇ ನಿಮ್ಮ ಮಾವನಿಗೆ. ಕಂಡವರು ಹ್ಞೂ ಅನ್ನಲ್ಲ, ಅಯ್ಯೋ ಅಂತಾರೆ," ಎಂದಳು. ಮಾರನೆಯ ದಿನ ನೋಡಲು ಬಂದ ನಿರ್ದೇಶಕಿ ಮೇಡಂ "ಅಯ್ಯೋ" ಎಂದರು. ಎಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಓರೆ ಬೆಳಕಿನಲ್ಲಿ ಚಿತ್ರ ತೆಗೆಸಬೇಕು, ಅಲ್ಲಿಯವರೆಗೆ ಹುಷಾರು ಎಂದು ಹೇಳಿ ಹೋದರು.

ಗರಿಯ ಗುರುತು ಕಾಣದೆ "ಪುಟ್ಟ ಸರೀಸೃಪ" ಎಂದು ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಆದಿಪಕ್ಷಿಗಳು ಬೇರೆ ಕಡೆ ಇವೆ. ಮೂಳೆಯನ್ನಷ್ಟೇ ನೋಡುವವರಿಗೆ ಎರಡೂ ಒಂದೇ ಥರ. ಆದ್ದರಿಂದ ಆ ಕಂದು ಕಲೆ ಎಷ್ಟು ದೊಡ್ಡ ವಿಷಯವೆಂದು ನಮಗೆ ಗೊತ್ತಿತ್ತು.

ಅದೇ ಹೊತ್ತಿನಲ್ಲಿ ಅಕ್ಕನ ಕಣ್ಣು ಮಂಜಾಗತೊಡಗಿತ್ತು. ಚಿತ್ರ ತೆಗೆಯುವವನು ಬರುವ ಮುಂಚಿನ ಎರಡು ದಿನ ಅವಳು ಕಣ್ಣು ತೋರಿಸಿಕೊಂಡು ಬರಲು ರಜೆ ಕೇಳಿದಳು. ಮಾವ ತಕ್ಷಣ ಕೊಟ್ಟರು. "ಹೋಗಿ ಬಾಮ್ಮ. ಕಣ್ಣಿಲ್ಲದೆ ಈ ಕೆಲಸ ಆಗುತ್ತಾ?"

ಅವಳಿಲ್ಲದ ಎರಡನೆಯ ದಿನ ಮಧ್ಯಾಹ್ನ ನಾನು ಉಗ್ರಾಣದಿಂದ ಪೆಟ್ಟಿಗೆ ಹೊತ್ತು ಕೆಳಗಿಳಿದಾಗ ದುಂಬಿಯ ಸದ್ದು ಆಗಷ್ಟೇ ನಿಂತಿತ್ತು. ಮಾವ ಅಕ್ಕನ ಮೇಜಿನಲ್ಲಿ ಕೂತು ರಬ್ಬರ್ ಬುರುಡೆ ಒತ್ತಿ ಚಪ್ಪಡಿಯ ಮೇಲಿನ ಪುಡಿ ಊದುತ್ತಿದ್ದರು. ಸುಣ್ಣಗಲ್ಲಿನ ಪುಡಿ ಬೆಳ್ಳಗಿರುತ್ತದೆ. ಮಾವನ ತೋಳಿನ ಮೇಲೆ ಬಿದ್ದಿದ್ದ ಪುಡಿಯಲ್ಲಿ ಚಹದ ಬಣ್ಣವಿತ್ತು.

"ಮಾವಾ, ಆ ಪುಡಿ…"

"ಕೊಳೆ ಕಣೇ. ಯಾರೋ ಹಿಂದೆ ವಾರ್ನಿಷ್ ಬಳಿದು ಹಾಳು ಮಾಡಿದ್ದಾರೆ. ನಾಳೆ ಫೋಟೊದವನು ಬರ್ತಾನೆ, ಈ ಗಲೀಜು ಇಟ್ಕೊಂಡು ತೋರಿಸೋದು ಹೇಗೆ? ನೋಡು, ಬೆರಳಿನ ಮೂಳೆ ಈಗ ಹೇಗೆ ಎದ್ದು ನಿಂತಿದೆ!"

ಅವರು ನಿಜವಾಗಿ ಖುಷಿಯಾಗಿದ್ದರು. ಕೈ ಝಾಡಿಸಿಕೊಂಡು ಚಹಕ್ಕೆ ಹೋದರು. ನಾನು ದೀಪ ಇಳಿಸಿ ನೋಡಿದೆ. ಮೂರು ಬೆರಳು ಇದ್ದವು, ಎಲೆ ಉದುರಿದ ಕಡ್ಡಿಗಳ ಹಾಗೆ. ಸುತ್ತ ನುಣುಪು. ನೆಲ ಹತ್ತಾರು ಕೋಟಿ ವರ್ಷ ಜೋಪಾನ ಮಾಡಿದ್ದನ್ನು ಮಾವ ಊಟಕ್ಕೂ ಚಹಕ್ಕೂ ನಡುವೆ ಮುಗಿಸಿದ್ದರು.

ಬೆಳಿಗ್ಗೆ ಮೇಡಂ ಬರುತ್ತಾರೆ, ದೀಪ ಇಳಿಸುತ್ತಾರೆ, ಮಾವನಿಗೆ ಆಗ ಗೊತ್ತಾಗುತ್ತದೆ, "ಅಯ್ಯೋ ನಾನು ಕೊಳೆ ಅಂದ್ಕೊಂಡೆ" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಹೀಗೆಂದು ನಾನು ಎಣಿಸಿದ್ದೆ. ಫೋಟೊದವನಿಗಿಂತ ಮುಂಚೆ ಮೇಡಂ ಬಂದರು. ದೀಪ ಇಳಿಸಿದರು. ಕಣ್ಣಿಟ್ಟರು, ತೆಗೆದರು, ಮತ್ತೆ ಇಟ್ಟರು.

"ರೆಕ್ಕೆ ಎಲ್ಲಿ?"

ಹೊಸ ಕನ್ನಡಕ ಹಾಕಿಕೊಂಡು ಸೂಜಿಯಕ್ಕ ಒಳಗೆ ಬಂದದ್ದು ಆಗಲೇ. "ಸುಮ್ಮಿ, ನೋಡೇ, ಈಗ ಗೋಡೆ ಮೇಲಿನ ಇರುವೆಗೆ ಮೀಸೆ ಇದೆಯೋ ಇಲ್ವೋ ಹೇಳ್ತೀನಿ," ಎನ್ನುತ್ತಲೇ ಬಂದವಳು ನಮ್ಮ ಮುಖ ನೋಡಿ ನಿಂತಳು.

ಮಾವ ಗಂಟಲು ಸರಿಮಾಡಿಕೊಂಡರು. ಅವರಿಗೆ ಆ ಕ್ಷಣ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. ಅವರ ಕಿವಿ ಕೆಂಪಾಗಿತ್ತು. ಅವರು ಹೇಳಿದ್ದಿಷ್ಟು: "ಇದು ಅವರ ಮೇಜು ಮೇಡಂ. ಈ ಕಲ್ಲಿನ ಮೇಲೆ ಕೆಲಸ ಮಾಡ್ತಿದ್ದವರೂ ಅವರೇ. ಕಣ್ಣಿನ ತೊಂದರೆ ಇತ್ತು ಪಾಪ. ರಜೆ ಕೇಳಿದ್ರು, ಹೋಗಿ ಬನ್ನಿ ಅಂತ ನಾನೇ ಕಳಿಸ್ದೆ."

ಒಂದೊಂದು ಮಾತೂ ನಿಜ. ನಮ್ಮ ಕೆಲಸದಲ್ಲಿ ನಕಲಿ ಪಳೆಯುಳಿಕೆ ಮಾಡುವವರೂ ಹೀಗೇ ಮಾಡುತ್ತಾರೆ. ಒಂದರ ತಲೆ, ಇನ್ನೊಂದರ ಬಾಲ, ಮತ್ತೊಂದರ ಕಾಲು ತಂದು ಅಂಟಿಸುತ್ತಾರೆ. ಪ್ರತಿ ಮೂಳೆಯೂ ಅಸಲಿ. ಜೋಡಿಸಿದ ಪ್ರಾಣಿ ಮಾತ್ರ ಎಂದೂ ಬದುಕಿದ್ದಿಲ್ಲ.

"ನಾನಾ?" ಎಂದಳು ಅಕ್ಕ. "ಏನ್ ಸಾರ್ ಮಾತಾಡ್ತಿದ್ದೀರಿ? ನಾನು ಹೊರಟಾಗ ರೆಕ್ಕೆ ಇತ್ತು!"

"ಇತ್ತು ಅಂತ ಕಣ್ಣಾರೆ ನೋಡಿ ಹೊರಟ್ಯಾಮ್ಮ?" ಮಾವನ ದನಿ ಮೆತ್ತಗಿತ್ತು. "ದೀಪ ಇಳಿಸಿ ನೋಡಿದ್ಯಾ?"

ಅಕ್ಕನ ಕೈ ಹೊಸ ಕನ್ನಡಕಕ್ಕೆ ಹೋಯಿತು. ಹೊರಡುವ ದಿನ ಬೆರಳ ತುದಿಯ ಅಂಚಿನಲ್ಲಿ ಒಂದಿಷ್ಟು ಸೂಜಿಯಾಡಿಸಿದ್ದಳು. ಆಮೇಲೆ ದೀಪ ಇಳಿಸಿ ನೋಡಿರಲಿಲ್ಲ.

ಮೇಡಂ ಕೂಗಾಡಲಿಲ್ಲ. "ಗರಿ ಇದ್ದಿದ್ರೆ ಇದು ಹಕ್ಕಿಗಳ ಮುತ್ತಜ್ಜಿ. ಈಗ ಯಾರಾದ್ರೂ ಬಂದು ಇದು ಓಡೋ ಹಲ್ಲಿ ಅಂದ್ರೆ ನಾನು ಏನು ತೋರಿಸ್ಲಿ? ಹಳೇ ಫೋಟೊಗಳಲ್ಲಿ ಬರೀ ಕಲೆ," ಎಂದರು. ನಾಳೆ ತಮ್ಮ ಕೋಣೆಗೆ ಮೂವರೂ ಬರಬೇಕು, ಅಲ್ಲಿಯವರೆಗೆ ಸೂಜಿ ಮುಟ್ಟಬೇಡಿ ಎಂದು ಅಕ್ಕನಿಗೆ ಹೇಳಿ ಚಪ್ಪಡಿಯನ್ನು ತಾವೇ ಹೊತ್ತುಕೊಂಡು ಹೋದರು.

ಸಂಜೆಯವರೆಗೂ ಅಕ್ಕ ಒಂದೂ ಮಾತಾಡಲಿಲ್ಲ. ಮೊದಲು ಅವಳ ಮುಖದಲ್ಲಿ ಸಿಟ್ಟಿತ್ತು. ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಕರಗಿತು. ಸಂಜೆ ಬೇಡದ ಕಲ್ಲಿನ ಚೂರೊಂದನ್ನು ತೆಗೆದುಕೊಂಡು, ಅದರ ಮೇಲೆ ಪೆನ್ಸಿಲಿನಲ್ಲಿ ತೆಳ್ಳನೆಯ ಗೆರೆ ಎಳೆದು, ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು.

"ಸುಮ್ಮಿ, ಇಲ್ಲಿ ಗೆರೆ ಇದೆಯಾ?"

"ಇದೆ ಅಕ್ಕ."

"ಕನ್ನಡಕ ತೆಗೆದ್ರೆ ನನಗೆ ಕಾಣಲ್ಲ ಕಣೇ." ತನ್ನ ಬಲಗೈಯನ್ನು ಯಾರದೋ ಕೈಯನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಮಾಡಿರಬಹುದು. ಗೊತ್ತಾಗದೆ ಮಾಡಿರಬಹುದು."

ಕಲ್ಲಿನಿಂದ ರೆಕ್ಕೆ ಕೆರೆದದ್ದು ತಪ್ಪು. ಆ ತಪ್ಪಿಗೆ ಕ್ಷಮೆ ಇದ್ದೀತು. ಆದರೆ ಒಬ್ಬಳ ಕೈ ಮೇಲೆ ಅವಳಿಗೇ ಇದ್ದ ನಂಬಿಕೆಯನ್ನು ಹಾಡಹಗಲೇ, ಮೆತ್ತನೆಯ ದನಿಯಲ್ಲಿ ಕೆರೆದು ಹಾಕುವುದು? ಹೇಳಲು ಬಾಯಿ ತೆರೆದೆ. ಮಾವ ಬಾಗಿಲಲ್ಲಿ ನಿಂತು, "ಸುಮ್ಮೀ, ಬಸ್ಸು ತಪ್ಪುತ್ತೆ, ನಡಿ," ಎಂದರು. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದವು. ಅವುಗಳ ಮೇಲೂ ಕೋಪ ಬಂತು.

ಮಾವನ ಮನೆ ನಮ್ಮ ಮೇಲಿನ ಮಹಡಿ. ಅತ್ತೆ ತೀರಿಹೋದ ಮೇಲೆ ರಾತ್ರಿಯ ಊಟ ನಮ್ಮಲ್ಲೇ. ಅಮ್ಮ ಬಡಿಸುತ್ತಿದ್ದಳು. ನಾನು ತಟ್ಟೆ ನೋಡುತ್ತ ಕೇಳಿದೆ:

"ಮಾವಾ, ನಾಳೆ ನೀವು ಹೇಳ್ತೀರಲ್ವಾ?"

"ಏನು ಹೇಳೋದು?"

"ಕೆರೆದಿದ್ದು ನೀವು ಅಂತ."

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಮಾವ ತುತ್ತು ಅಗಿದು ನುಂಗಿ ನೀರು ಕುಡಿದರು.

"ಕೆರೆಯೋದು ಅಂದ್ರೇನು? ಶುಚಿ ಮಾಡ್ದೆ. ಕಣ್ಣಿಗೆ ಕಾಣದ್ದನ್ನ ಹೇಗೆ ಕೆರೀಲಿ? ನೀವೆಲ್ಲ ಗರಿ ಗರಿ ಅಂತ ಕುಣಿದ್ರಿ. ನಾನೂ ಬಗ್ಗಿ ನೋಡ್ದೆ. ಏನೂ ಕಾಣಲಿಲ್ಲ. ಏನೂ ಇಲ್ಲ! ಇಷ್ಟು ವರ್ಷ ಈ ಕೆಲಸ ಮಾಡಿ, ನಿನ್ನೆ ಮೊನ್ನೆ ಬಂದವರ ಎದುರು ಕಾಣಲ್ಲ ಅಂತ ಹೇಳ್ಬೇಕಿತ್ತಾ?"

ಅದು ನಿಜವಾದ ಮಾತು. ಒಂದು ಗಳಿಗೆ ನನಗೆ ಅವರು ಪಾಪ ಅನ್ನಿಸಿದರು. ಆ ಗಳಿಗೆಯನ್ನು ಅವರೇ ಹಾಳು ಮಾಡಿಕೊಂಡರು.

"ಅವಳಿಗೇನು ಕಷ್ಟ? ಮೇಲೆ ಟಿಕೆಟ್ ಕಿಟಕೀಲಿ ಕೂರಿಸ್ತಾರೆ. ಕಣ್ಣಿಗೂ ವಿಶ್ರಾಂತಿ, ಬಾಯಿಗೂ ಕೆಲಸ."

"ಅಕ್ಕ ತಾನೇ ಮಾಡ್ದೆ ಅಂದ್ಕೊಂಡಿದ್ದಾಳೆ ಮಾವಾ."

"ಅಂದ್ಕೊಳ್ಳಲಿ ಬಿಡು. ನಾನೇನು ಅವಳು ಮಾಡಿದಳು ಅಂದ್ನಾ?"

"ಏನೇ ಇದು, ದೊಡ್ಡವರ ಹತ್ರ ಮಾತಾಡೋ ರೀತಿ?" ಅಮ್ಮ ನಡುವೆ ಬಂದಳು. "ನಿಮ್ಮಪ್ಪ ಹೋದ ಮೇಲೆ ನಮ್ಮನ್ನ ಯಾರು ನೋಡ್ಕೊಂಡಿದ್ದು? ನಿನ್ನನ್ನ ಆ ಕೆಲಸಕ್ಕೆ ಸೇರಿಸಿದ್ದು ಯಾರು? ಅಣ್ಣನ ತಲೆ ತಗ್ಗಿಸೋಕಾ ನಾನು ನಿನ್ನನ್ನ ಓದಿಸಿದ್ದು? ಸುಮ್ಮನಿರೋದು ಒಂದೇ ನಿನಗೆ ಚೆನ್ನಾಗಿ ಬರ್ತಿದ್ದದ್ದು, ಅದೂ ಹೋಯ್ತಾ?"

ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದಂತೆ ಆಯಿತಲ್ಲ ಮಾವಾ, ಎನ್ನಬೇಕೆಂದುಕೊಂಡೆ. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಂದದ್ದು ಕಣ್ಣೀರು. ತಟ್ಟೆಗೇ ತೊಟ್ಟಿಕ್ಕಿತು.

ಮಾವ ಎಡಗೈ ಚಾಚಿ ನನ್ನ ತಲೆ ಸವರಿದರು. "ನೋಡು ತಂಗಿ, ಮಾವನ ಮರ್ಯಾದೆಗೆ ಇವಳು ಎಷ್ಟು ಹೆದರಿದ್ದಾಳೆ! ಒಳ್ಳೇ ಹುಡುಗಿ. ಏನೂ ಆಗಲ್ಲ ಮಗಳೇ, ನಾನಿದ್ದೀನಿ."

ಆ ಕೈ ನನ್ನ ತಲೆಯ ಮೇಲಿದ್ದಷ್ಟು ಹೊತ್ತು ನಾನು ಉಸಿರಾಡಲಿಲ್ಲ. ನಾನು ಅವರನ್ನು ದ್ವೇಷಿಸುತ್ತಿದ್ದೆ. ಅವರು ನನ್ನನ್ನು ಸಂತೈಸುತ್ತಿದ್ದರು. ಎದ್ದು ಕೈ ತೊಳೆದು ಕೋಣೆಗೆ ಹೋಗಿ ದಿನಚರಿ ತೆರೆದೆ. ಬರೆದೆ. ಪೆನ್ನು ಹಾಳೆಯನ್ನು ಹರಿದುಕೊಂಡು ಕೆಳಗಿನ ಹಾಳೆಗೆ ಇಳಿಯಿತು. ಮಾವ, ಅಮ್ಮ, ಮೇಡಂ, ಯಾರನ್ನೂ ಬಿಡಲಿಲ್ಲ. ಒಬ್ಬರಾದರೂ "ಸುಮ್ಮಿ, ನೀನು ಅಲ್ಲೇ ಇದ್ದೆಯಲ್ಲ, ಏನು ಕಂಡೆ?" ಎಂದು ಕೇಳಿರಲಿಲ್ಲ. ನನ್ನನ್ನು ಮೇಜಿನ ಹಾಗೆ, ಸ್ಟೂಲಿನ ಹಾಗೆ ನೋಡಿದ್ದರು. ಸ್ಟೂಲಿನ ಹಾಗೆ ಇದ್ದವಳು ನಾನೇ ಎಂದೂ ಬರೆದೆ. ಪುಟ ತುಂಬಿತು. ತಣಿಯಲಿಲ್ಲ.

ಮಾರನೆಯ ದಿನ ಮೇಡಂ ಕೋಣೆಯಲ್ಲಿ ಚಪ್ಪಡಿ ಹಸಿರು ಬಟ್ಟೆಯ ಮೇಲೆ ಮಲಗಿತ್ತು. ಅಷ್ಟು ಎತ್ತರದ ಕಿಟಕಿಗಳ ಬೆಳಕಿನಲ್ಲಿ ಆ ಪ್ರಾಣಿ ಇನ್ನೂ ಬಡವಾಗಿ ಕಾಣುತ್ತಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ಬೆನ್ನಿಗೆ ಒರಗಿದ್ದರು. ಅಕ್ಕ ಕುರ್ಚಿಯ ತುದಿಯಲ್ಲಿದ್ದಳು. ನನಗೆ ಕುರ್ಚಿ ಇರಲಿಲ್ಲ. ಕಪಾಟಿಗೆ ಬೆನ್ನು ಕೊಟ್ಟು ನಿಂತೆ.

"ಈ ಕಲ್ಲನ್ನ ಬೇರೆ ಯಾರಾದರೂ ಮುಟ್ಟಿದ್ರಾ?" ಮೇಡಂ ಪ್ರಶ್ನೆ ಕೇಳಿದ್ದು ಮಾವನಿಗೆ.

ಮಾವ ಅಕ್ಕನ ಕಡೆ ನೋಡಿದರು. ಅಷ್ಟೇ. ಸುಳ್ಳು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

"ನಾನೇ ಇರಬೇಕು ಮೇಡಂ," ಎಂದಳು ಅಕ್ಕ. "ನೆನಪಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಅಂಚಿನಲ್ಲಿ ಕೆಲಸ ಮಾಡಿದ್ದು ನಿಜ, ಕಣ್ಣು ಮಂಜಾಗಿದ್ದೂ ನಿಜ. ಅಷ್ಟು ದೊಡ್ಡ ಜಾಗ ಹೇಗೆ ಹೋಯ್ತು ಅಂತ ಮಾತ್ರ…" ಚಪ್ಪಡಿಯ ಕಡೆ ನೋಡಿ ಮುಖ ತಿರುಗಿಸಿದಳು. "ನನ್ನನ್ನ ಆ ಮೇಜಿಂದ ಎಬ್ಬಿಸಿಬಿಡಿ. ನನಗೇ ಭಯ ಆಗ್ತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದಿಯದವಳು ಹೆಗಲು ತಡಕಾಡುತ್ತಿದ್ದಳು. ಕದ್ದವರ ಹೆಗಲು ನೆಟ್ಟಗಿತ್ತು, ಇಸ್ತ್ರಿಯ ಗೆರೆ ಸಮೇತ.

"ಹೋಗಲಿ ಬಿಡಿ ಮೇಡಂ," ಎಂದರು ಮಾವ. "ಬೇಕು ಅಂತ ಮಾಡಿದ್ದಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ನನ್ನ ಕೋಣೆಯಲ್ಲಿ ಆದದ್ದು, ನನಗೂ ಜವಾಬ್ದಾರಿ ಇದೆಯಲ್ಲ."

"ನಿಮ್ಮದು ದೊಡ್ಡ ಮನಸ್ಸು," ಎಂದರು ಮೇಡಂ. ಅಕ್ಕನ ಕಡೆ ತಿರುಗಿದರು. "ಇನ್ನು ನೀವು ಕೆಳಗೆ ಕೆಲಸ ಮಾಡೋದು ಬೇಡ. ಬೇರೆ ಏನಾದರೂ ನೋಡೋಣ. ಕೀಲಿ ಅವರಿಗೆ ಕೊಟ್ಟುಬಿಡಿ."

ಅಕ್ಕ ಚೀಲದಿಂದ ಕೀಲಿಗೊಂಚಲು ತೆಗೆದಳು. ಸೂಕ್ಷ್ಮದರ್ಶಕದ ಕಪಾಟಿನ ಕೀಲಿ ಅವಳ ಮನೆಯ ಕೀಲಿಗಳ ಜೊತೆ ಒಂದೇ ಬಳೆಯಲ್ಲಿತ್ತು. ಬಿಡಿಸಲು ಹೋದಳು. ಕೂದಲೆಳೆಯಷ್ಟು ಕಲ್ಲನ್ನು ಮೂಳೆಯಿಂದ ಬೇರ್ಪಡಿಸುತ್ತಿದ್ದ ಆ ಬೆರಳುಗಳಿಗೆ ಒಂದು ಕೀಲಿ ಬರುತ್ತಿರಲಿಲ್ಲ. ಉಗುರು ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ಮಾವ ಅಂಗೈ ಚಾಚಿಕೊಂಡು ತಾಳ್ಮೆಯಿಂದ ಕಾಯುತ್ತಿದ್ದರು.

ಕಾಯುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು: "ಸುಮ್ಮೀ, ಎಲ್ಲರಿಗೂ ಚಹಾ ತರ್ತೀಯಾ ಮಗಳೇ?"

ನಾನು ಕಪಾಟು ಬಿಟ್ಟು ಮುಂದೆ ಬಂದೆ. ಚಹಕ್ಕೆ ಹೊರಟೆನೆಂದು ಮಾವ ಕಾಲು ಸರಿಸಿ ದಾರಿ ಬಿಟ್ಟರು. ನಾನು ಬಾಗಿಲಿಗೆ ಹೋಗಲಿಲ್ಲ. ಮೇಜಿನ ಈಚೆ, ಅಕ್ಕನಿಗೂ ಆ ಅಂಗೈಗೂ ನಡುವೆ ಹೋಗಿ ನಿಂತೆ. ಮೇಡಂ ತಲೆಯೆತ್ತಿದರು. ನನ್ನ ದನಿ ಆ ಕೋಣೆಗೆ ಬೇಕಾದ್ದಕ್ಕಿಂತ ಬಹಳ ಜೋರಾಗಿ ಹೊರಗೆ ಬಂತು.

"ಕೀಲಿ ಕೊಡಬೇಡ ಅಕ್ಕ. ಆ ರೆಕ್ಕೆ ಕೆರೆದು ತೆಗೆದದ್ದು ನಮ್ಮ ಮಾವ."